ಪರಿಚಯದ ಗಿರಾಕಿಗೆ ಬೇಗ, ಹೊಸಬರಿಗೆ ನಿಧಾನ: ಟಾರ್ ಯಾಕೆ ಸ್ಲೋ?

ಬಳೇಪೇಟೆಯಲ್ಲಿ ಗುಟ್ಟು ಉಳಿಯೋದು ಕಷ್ಟ. ಯಾರ ಮನೆಗೆ ಯಾರು ಬಂದ್ರು, ಯಾವ ಅಂಗಡಿ ಮುಂದೆ ಯಾರ ಗಾಡಿ ನಿಂತಿತ್ತು, ಯಾರ ಮಗಳಿಗೆ ಗಂಡು ನೋಡ್ತಿದ್ದಾರೆ, ಎಲ್ಲಾ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತೆ. ಈ ಲೇಖನ ಬರೀತಿರೋ ನಾವು ಅಂದ್ರೆ ಎರಡನೇ ವರ್ಷದ ಒಂದೇ ಬೆಂಚಿನ ಮೂರು ಜನ. ನಮ್ಮಲ್ಲೊಬ್ಬನ ಮನೆ ಅಲ್ಲೇ, ಅಂಗಡಿ ಮೇಲೆ. ಯಾರ ಮನೆ ಅಂತ ಕೇಳಬೇಡಿ. ಕೆಳಗೆ ಮದುವೆ ಸಾಮಾನಿನ ಅಂಗಡಿ, ಮೇಲೆ ಒಂದು ಮಹಡಿ ನಮ್ಮದು, ಅದರ ಮೇಲೆ ದೊಡ್ಡಪ್ಪನದು. ಮೂರಕ್ಕೂ ಸೇರಿ ಒಂದೇ ಇಂಟರ್ನೆಟ್ ಕನೆಕ್ಷನ್. ರೂಟರ್ ಇರೋದು ಅಂಗಡಿ ಗಲ್ಲಾ ಪಕ್ಕ. ಯಾವ ಫೋನ್ ಯಾವ ಸೈಟಿಗೆ ಹೋಯ್ತು ಅಂತ ಅದರ ಆಪ್‌ನಲ್ಲಿ ಸಾಲಾಗಿ ಕಾಣುತ್ತೆ. ಆ ಆಪ್ ಮನೆಯ ಗಂಡಸರ ಫೋನಿನಲ್ಲಿದೆ.

ಹೋದ ಸೆಮಿಸ್ಟರ್ ರಜೆಯಲ್ಲಿ ದೊಡ್ಡಪ್ಪನ ಮಗಳು ನಮ್ಮನ್ನ ಮಹಡಿ ಮೇಲೆ ಕರೆದು ಕೇಳಿದಳು: "ನೀವು ಕಂಪ್ಯೂಟರ್ ಸೈನ್ಸ್ ಅಲ್ವೇನ್ರೋ? ನಾನು ಏನು ನೋಡ್ತೀನಿ ಅಂತ ಕೆಳಗೆ ಗೊತ್ತಾಗದ ಹಾಗೆ ಏನಾದ್ರೂ ಮಾಡಿಕೊಡಿ." ಒಂದು ಆರೋಗ್ಯದ ವಿಷಯ ಓದಬೇಕಿತ್ತು ಅವಳಿಗೆ. ಅದು ಯಾವ ವಿಷಯ ಅಂತ ನಾವೂ ಕೇಳಲಿಲ್ಲ. ಕೇಳದೆ ಇರೋದೇ ಸರಿ ಅಂತ ಈಗಲೂ ಅನ್ಸುತ್ತೆ. ಇಷ್ಟು ಬರೆಯೋಕೆ ಅವಳ ಒಪ್ಪಿಗೆ ಪಡೆದೇ ಬರೀತಿದ್ದೀವಿ.

ನಾವು ಅವಳ ಲ್ಯಾಪ್‌ಟಾಪಿಗೆ ಟಾರ್ ಬ್ರೌಸರ್ ಹಾಕಿಕೊಟ್ವಿ. ಎರಡು ದಿನಕ್ಕೆ ಅಕ್ಕ ಫೋನ್ ಮಾಡಿ, "ಇದು ಎತ್ತಿನ ಗಾಡಿ ಕಣ್ರೋ, ಒಂದು ಪೇಜ್ ಬರೋಷ್ಟರಲ್ಲಿ ಅನ್ನಕ್ಕಿಟ್ಟು ಬರಬಹುದು" ಅಂದಳು. ಇಂಜಿನಿಯರಿಂಗ್ ಹುಡುಗರಿಗೆ ಸ್ಲೋ ಅಂದ್ರೆ ಅವಮಾನ ಅಲ್ವಾ? ಸ್ಪೀಡ್ ಮಾಡಿಕೊಡ್ತೀವಿ ಅಂತ ಕೂತ್ವಿ. ಅಲ್ಲಿ ನಾವೊಂದು ತಪ್ಪು ಮಾಡಿದ್ವಿ. ಆ ತಪ್ಪಿನಿಂದ ನಮಗೆ ಬಂದ ಅಭಿಪ್ರಾಯವೇ ಈ ಲೇಖನ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು, ಪಾರಿಭಾಷಿಕ ಪದಗಳಿಗೆ ಕನ್ನಡ ಎಲ್ಲಾ ಕಡೆ ಸಿಗಲಿಲ್ಲ. ಸಿಗದ ಕಡೆ ಕ್ಲಾಸಿನಲ್ಲಿ ಆಡೋ ಮಾತನ್ನೇ ಇಟ್ಟಿದ್ದೀವಿ.

ಇನ್‌ಕಾಗ್ನಿಟೋ ಸಾಕಾಗಲ್ವಾ?

ತುಂಬಾ ಜನ ಕೇಳೋ ಪ್ರಶ್ನೆ ಇದು. ಸಾಕಾಗಲ್ಲ. ಇನ್‌ಕಾಗ್ನಿಟೋ ನಮ್ಮ ಕಂಪ್ಯೂಟರಿನಲ್ಲಿ ಹಿಸ್ಟರಿ ಉಳಿಸಲ್ಲ, ಅಷ್ಟೇ. ರೂಟರಿಗೆ, ಇಂಟರ್ನೆಟ್ ಕೊಡೋ ಕಂಪನಿಗೆ, ಆ ಸೈಟಿಗೆ ನಾವು ಕಾಣ್ತಾನೇ ಇರ್ತೀವಿ. ಎಚ್‌ಟಿಟಿಪಿಎಸ್ ಇದ್ರೆ ಯಾವ ಪುಟ ಓದಿದ್ವಿ ಅಂತ ರೂಟರಿಗೆ ಗೊತ್ತಾಗಲ್ಲ ನಿಜ. ಆದ್ರೆ ಯಾವ ಸೈಟಿಗೆ ಹೋದ್ವಿ ಅನ್ನೋದು ಸಾಮಾನ್ಯವಾಗಿ ಗೊತ್ತಾಗುತ್ತೆ. ಆಸ್ಪತ್ರೆಯ ಹೆಸರೊಂದು ಸಾಕಲ್ಲ ಮನೆಯಲ್ಲಿ ಪ್ರಶ್ನೆ ಏಳೋಕೆ.

ಟಾರ್ ಮಾಡೋದು ಬೇರೆ. ನಮ್ಮ ಮಾತನ್ನ ಮೂರು ಪದರದಲ್ಲಿ ಸುತ್ತಿ, ಮೂರು ರಿಲೇ ಮೂಲಕ ಕಳಿಸುತ್ತೆ. ರಿಲೇ ಅಂದ್ರೆ ಪ್ರಪಂಚದ ಬೇರೆ ಬೇರೆ ಕಡೆ ಸ್ವಯಂಸೇವಕರು ನಡೆಸೋ ಕಂಪ್ಯೂಟರ್. ಮೊದಲನೆಯದಕ್ಕೆ ನಾವು ಯಾರು ಅಂತ ಗೊತ್ತು, ಎಲ್ಲಿಗೆ ಹೋಗ್ತಿದ್ದೀವಿ ಅಂತ ಗೊತ್ತಿಲ್ಲ. ಮೂರನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಈ ಯೋಚನೆ ಶುರುವಾಗಿದ್ದು 1990ರ ದಶಕದ ಮಧ್ಯದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ಈಗ ಅದನ್ನ ನೋಡಿಕೊಳ್ಳೋದು 2006ರಲ್ಲಿ ಶುರುವಾದ ಟಾರ್ ಪ್ರಾಜೆಕ್ಟ್ ಅನ್ನೋ ಲಾಭರಹಿತ ಸಂಸ್ಥೆ.

ಹಾಗಾಗಿ ಅಂಗಡಿ ರೂಟರಿಗೆ ಕಾಣೋದು ಮೊದಲನೇ ರಿಲೇ ಮಾತ್ರ. ಟಾರ್ ಬಳಸ್ತಿದ್ದಾರೆ ಅನ್ನೋದು ಗೊತ್ತಾಗಬಹುದು, ಏನು ಓದ್ತಿದ್ದಾರೆ ಅಂತ ಗೊತ್ತಾಗಲ್ಲ.

ಮೂರು ಕಡೆ ಸುತ್ತಿ ಬಂದ್ರೆ ನಿಧಾನ ಆಗೋದು ಸಹಜ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ದೂರ ಸುಮಾರು 7,400 ಕಿಲೋಮೀಟರ್. ಹೋಗಿ ಬರೋಕೆ ಕಮ್ಮಿ ಅಂದ್ರೂ 74 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗಲ್ಲ, ಆದ್ದರಿಂದ ನಿಜವಾಗಿ ಇನ್ನೂ ಜಾಸ್ತಿ. ಟಾರ್ ರಿಲೇಗಳಲ್ಲಿ ಬಹುಪಾಲು ಯುರೋಪ್ ಮತ್ತು ಅಮೆರಿಕದಲ್ಲಿವೆ. ಬಳೇಪೇಟೆಯಿಂದ ಹೊರಟ ಮಾತು ಜಯನಗರದ ಸರ್ವರಿಗೆ ಹೋಗಬೇಕಾದ್ರೂ ಜರ್ಮನಿ, ನೆದರ್ಲೆಂಡ್ಸ್ ಸುತ್ತಿಕೊಂಡು ಬರಬೇಕು.

ಆದ್ರೆ ದೂರ ಒಂದೇ ಕಾರಣ ಅಲ್ಲ. ಬ್ರೌಸರಿನಲ್ಲೇ ಕೆಲವು ಪ್ರೋಟೋಕಾಲ್‌ಗಳನ್ನ ಬೇಕಂತಲೇ ಆಫ್ ಮಾಡಿರ್ತಾರೆ. ನಮ್ಮ ಕಣ್ಣು ಬಿದ್ದಿದ್ದು ಅಲ್ಲಿಗೇ. ಈ ನಿರ್ಬಂಧಗಳನ್ನ ಎರಡು ಜಾತಿ ಮಾಡಿ ನೋಡಬೇಕು ಅನ್ನೋದು ನಮ್ಮ ವಾದ. ಒಂದು ರಸ್ತೆಯ ತೊಂದರೆ. ಇನ್ನೊಂದು ಪರಿಚಯದ ಪ್ರಶ್ನೆ. ಎರಡನ್ನೂ ಒಂದೇ ಅಂತ ತಿಳಿದಿದ್ದೇ ನಮ್ಮ ತಪ್ಪು.

ರಸ್ತೆಯ ತೊಂದರೆ

ಬಳೇಪೇಟೆ, ಚಿಕ್ಕಪೇಟೆ, ಅಕ್ಕಿಪೇಟೆ ಕಡೆ ಓಡಾಡಿದವರಿಗೆ ಗೊತ್ತು, ಒಳಗಿನ ಗಲ್ಲಿಗಳಿಗೆ ದೊಡ್ಡ ಲಾರಿ ಬರೋಕಾಗಲ್ಲ. ಮಾಲು ಹೊರಗೆ ಇಳಿಸಿ, ಕೈಗಾಡಿಯಲ್ಲೋ ತಲೆ ಮೇಲೋ ಹೊತ್ತು ಒಳಗೆ ತರಬೇಕು. ಕೈಗಾಡಿಗಳು ಒಂದರ ಹಿಂದೆ ಒಂದು. ಮುಂದಿನ ಗಾಡಿ ಗುಂಡಿಗೆ ಬಿದ್ರೆ ಹಿಂದಿನ ಎಲ್ಲಾ ಗಾಡಿ ನಿಲ್ಲಬೇಕು, ಅವರ ಮಾಲು ಬೇರೆ ಅಂಗಡಿಯದ್ದಾದ್ರೂ ಸರಿ.

ಟಾರ್ ರಸ್ತೆಯೂ ಹಾಗೇ. ಅದು ಟಿಸಿಪಿಯನ್ನ ಮಾತ್ರ ಹೊರುತ್ತೆ, ಯುಡಿಪಿಯನ್ನ ಹೊರಲ್ಲ. ಟಿಸಿಪಿ ಅಂದ್ರೆ ಎಲ್ಲಾ ಪ್ಯಾಕೆಟ್ ಸಾಲಾಗಿ, ಕ್ರಮ ತಪ್ಪದೆ ಬರಬೇಕು ಅನ್ನೋ ನಿಯಮ. ಒಂದು ಕಳೆದುಹೋದ್ರೆ ಅದು ಮತ್ತೆ ಬರೋವರೆಗೂ ಹಿಂದಿನವು ಕಾಯಬೇಕು. ಟಾರ್‌ನಲ್ಲಿ ಎರಡು ರಿಲೇ ಮಧ್ಯೆ ಒಂದೇ ಟಿಸಿಪಿ ಕನೆಕ್ಷನ್ ಮೇಲೆ ಬೇರೆ ಬೇರೆ ಜನರ ಸರ್ಕ್ಯೂಟ್‌ಗಳು ಹೋಗ್ತವೆ. ಯಾರೋ ಒಬ್ಬರ ಪ್ಯಾಕೆಟ್ ಬಿದ್ರೆ ಪಕ್ಕದವರೂ ಕಾಯಬೇಕು. ಇದಕ್ಕೆ ನೆಟ್‌ವರ್ಕ್ಸ್ ಪಾಠದಲ್ಲಿ ಹೆಡ್ ಆಫ್ ಲೈನ್ ಬ್ಲಾಕಿಂಗ್ ಅಂತಾರೆ.

ಮಾಮೂಲಿ ಬ್ರೌಸರುಗಳು ಈ ಕಷ್ಟದಿಂದ ಹೇಗೆ ಹೊರಗೆ ಬಂದ್ವು ಅಂತ ನೋಡಿದ್ರೆ ವಿಷಯ ಸ್ಪಷ್ಟ ಆಗುತ್ತೆ. ಹಳೇ ಎಚ್‌ಟಿಟಿಪಿ/1.1ರಲ್ಲಿ ಒಂದು ಕನೆಕ್ಷನ್ ಮೇಲೆ ಒಂದು ಸಲಕ್ಕೆ ಒಂದೇ ಫೈಲ್. ಅದಕ್ಕೆ ಬ್ರೌಸರುಗಳು ಒಂದು ಸೈಟಿಗೆ ಸಾಮಾನ್ಯವಾಗಿ 6 ಕನೆಕ್ಷನ್ ತೆಗೀತಿದ್ವು. 2015ರಲ್ಲಿ ಬಂದ ಎಚ್‌ಟಿಟಿಪಿ/2 ಒಂದೇ ಕನೆಕ್ಷನ್ ಮೇಲೆ ಎಲ್ಲಾ ಫೈಲ್‌ಗಳನ್ನ ಒಟ್ಟಿಗೆ ತರೋದನ್ನ ಕಲಿಸಿತು. ಆದ್ರೆ ಕೆಳಗಿನ ರಸ್ತೆ ಟಿಸಿಪಿಯೇ. 2021ರಲ್ಲಿ ಕ್ವಿಕ್ ಅನ್ನೋ ಹೊಸ ಪ್ರೋಟೋಕಾಲ್‌ಗೆ ಸ್ಟ್ಯಾಂಡರ್ಡ್ ಆಯ್ತು, 2022ರಲ್ಲಿ ಅದರ ಮೇಲೆ ಎಚ್‌ಟಿಟಿಪಿ/3. ಕ್ವಿಕ್ ಓಡೋದು ಯುಡಿಪಿ ಮೇಲೆ. ಒಂದು ಫೈಲಿನ ಪ್ಯಾಕೆಟ್ ಬಿದ್ರೆ ಅದೊಂದೇ ನಿಲ್ಲುತ್ತೆ, ಉಳಿದವು ಮುಂದೆ ಹೋಗ್ತವೆ.

ಇನ್ನೊಂದು ಲಾಭವೂ ಇದೆ. ಟಿಸಿಪಿಯಲ್ಲಿ ಮೊದಲು ಕನೆಕ್ಷನ್‌ಗೆ ಒಂದು ಸಲ ಹೋಗಿಬರಬೇಕು, ಆಮೇಲೆ ಟಿಎಲ್‌ಎಸ್ 1.3ರ ಬೀಗಕ್ಕೆ ಇನ್ನೊಂದು ಸಲ, ಆಮೇಲೆ ಪುಟಕ್ಕೆ ಮತ್ತೊಂದು ಸಲ. ಒಟ್ಟು 3 ಸುತ್ತು. ಕ್ವಿಕ್ ಮೊದಲಿನ ಎರಡನ್ನೂ ಒಂದೇ ಸಲಕ್ಕೆ ಮುಗಿಸುತ್ತೆ, ಒಟ್ಟು 2 ಸುತ್ತು. ಮನೆ ವೈಫೈನಲ್ಲಿ ಒಂದು ಸುತ್ತು 20 ಮಿಲಿಸೆಕೆಂಡ್ ಅಂದುಕೊಂಡ್ರೆ ಉಳಿಯೋದು 20 ಮಿಲಿಸೆಕೆಂಡ್, ಯಾರಿಗೂ ಗೊತ್ತೇ ಆಗಲ್ಲ. ಟಾರ್‌ನಲ್ಲಿ ಒಂದು ಸುತ್ತು ಅರ್ಧ ಸೆಕೆಂಡ್ ಅಂದುಕೊಂಡ್ರೆ ಪ್ರತಿ ಹೊಸ ಸರ್ವರಿಗೂ ಅರ್ಧ ಸೆಕೆಂಡ್ ಉಳಿಯುತ್ತೆ. ಒಂದು ಪುಟ 10 ಬೇರೆ ಬೇರೆ ಸರ್ವರುಗಳಿಂದ ಸಾಮಾನು ತರಿಸಿದ್ರೆ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಅಂದ್ರೆ ಕ್ವಿಕ್ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಸಿಗ್ತಿಲ್ಲ.

ಟಾರ್ ಬ್ರೌಸರಿನಲ್ಲಿ ಎಚ್‌ಟಿಟಿಪಿ/3 ಆಫ್ ಇರೋದು ಇದಕ್ಕೇ. ರಸ್ತೆಗೆ ಲಾರಿ ಹಿಡಿಸಲ್ಲ. ಬ್ರೌಸರ್ ತಾನಾಗೇ ಯುಡಿಪಿಯನ್ನ ಟಾರ್ ಹೊರಗೆ ಕಳಿಸಿಬಿಟ್ರೆ ನಮ್ಮ ನಿಜವಾದ ಐಪಿ ವಿಳಾಸವೇ ಆ ಸೈಟಿಗೆ ಸಿಕ್ಕಿಬಿಡುತ್ತೆ. ಟಾರ್ ಬ್ರೌಸರಿನಲ್ಲಿ ವಿಡಿಯೋ ಕಾಲಿನ ವೆಬ್‌ಆರ್‌ಟಿಸಿ ಇಲ್ಲದಿರೋದಕ್ಕೂ ಇಂಥದ್ದೇ ಕಾರಣ.

ಈ ಜಾತಿಯ ನಿರ್ಬಂಧದ ಬಗ್ಗೆ ನಾವು ಗೊಣಗಬಹುದು, ಗೊಣಗಲೂಬೇಕು. ಯಾಕಂದ್ರೆ ಇದು ಇಂಜಿನಿಯರಿಂಗ್ ಕೆಲಸ, ರಿಪೇರಿ ಮಾಡಬಹುದು. ಮಾಡ್ತಾನೂ ಇದ್ದಾರೆ. ಮೊದಲು ಟಾರ್‌ನಲ್ಲಿ ಒಂದು ಸರ್ಕ್ಯೂಟ್‌ನಲ್ಲಿ ಒಂದು ಸಲಕ್ಕೆ 1000 ಪೊಟ್ಟಣ ಮಾತ್ರ ದಾರಿಯಲ್ಲಿ ಇರಬಹುದಿತ್ತು. ಒಂದು ಪೊಟ್ಟಣ ಸುಮಾರು 500 ಬೈಟ್, ಎಲ್ಲಾ ಒಂದೇ ಅಳತೆ. ಲೆಕ್ಕ ಹಾಕಿ: 5 ಲಕ್ಷ ಬೈಟ್. ಒಂದು ಸುತ್ತಿಗೆ ಅರ್ಧ ಸೆಕೆಂಡ್ ಹಿಡಿದ್ರೆ ಸೆಕೆಂಡಿಗೆ 10 ಲಕ್ಷ ಬೈಟ್ ದಾಟೋಕೆ ಸಾಧ್ಯವೇ ಇಲ್ಲ, ರಸ್ತೆ ಖಾಲಿ ಇದ್ರೂ. 2022ರಲ್ಲಿ ಆ ಕಟ್ಟುನಿಟ್ಟಿನ ಮಿತಿ ತೆಗೆದು, ರಸ್ತೆ ನೋಡಿಕೊಂಡು ಪೊಟ್ಟಣ ಬಿಡೋ ಹೊಸ ವಿಧಾನ ತಂದರು. ಯುಡಿಪಿಯನ್ನೂ ಹೊರೋ ಹಾಗೆ ಮಾಡೋಕೆ ಪ್ರಸ್ತಾವನೆಗಳಿವೆ. ಟಾರ್ ಕೋಡ್ ಎಲ್ಲರಿಗೂ ತೆರೆದಿದೆ. ಪ್ರಾಜೆಕ್ಟ್ ವಿಷಯ ಹುಡುಕ್ತಿರೋ ಆರನೇ ಸೆಮಿಸ್ಟರ್ ಸೀನಿಯರ್ಸ್, ನಿಮಗೇ ಹೇಳ್ತಿರೋದು.

ಪರಿಚಯದ ಪ್ರಶ್ನೆ

ಎರಡನೇ ಜಾತಿ ಬೇರೆ ಥರ. ಇದನ್ನ ಅರ್ಥ ಮಾಡಿಕೊಳ್ಳೋಕೆ ಪೇಟೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತ್ರೆ ಸಾಕು.

ಹಳೇ ಗಿರಾಕಿ ಬಂದ್ರೆ ಅಂಗಡಿಯವರು ಕೇಳೋದೇ ಇಲ್ಲ. "ಬನ್ನಿ ಅಕ್ಕ, ಹೋದ್ಸಲ ತಗೊಂಡ ಬಾಸಿಂಗದ ಥರಾನೇ ಅಲ್ವಾ? ತೆಗೆದಿಟ್ಟಿದ್ದೀನಿ." ಎರಡು ನಿಮಿಷದ ಕೆಲಸ. ಹೊಸ ಗಿರಾಕಿಗಾದ್ರೆ ಏನು ಬೇಕು, ಯಾವ ಅಳತೆ, ಎಷ್ಟರೊಳಗೆ, ಯಾವ ಊರು, ಎಲ್ಲಾ ಮೊದಲಿಂದ. ಇಪ್ಪತ್ತು ನಿಮಿಷ. ಬೇಗ ಆಗೋದಕ್ಕೆ ಕಾರಣ ಪರಿಚಯ. ಆದ್ರೆ ಪರಿಚಯ ಅಂದ್ರೆ ಅಂಗಡಿಯವರಿಗೆ ನಿಮ್ಮ ಮನೆ, ನಿಮ್ಮ ಮದುವೆ, ನಿಮ್ಮ ಜೇಬು ಎಲ್ಲಾ ಗೊತ್ತಿದೆ ಅಂತಾನೇ ಅರ್ಥ.

ವೆಬ್‌ನಲ್ಲಿ ಸ್ಪೀಡ್ ಹೆಚ್ಚಿಸೋ ಎಷ್ಟೋ ಉಪಾಯಗಳು ಈ ಪರಿಚಯದ ಮೇಲೇ ನಿಂತಿವೆ. ಕ್ಯಾಶ್ ಅಂದ್ರೆ ಹೋದ್ಸಲ ತಂದ ಚಿತ್ರ, ಫಾಂಟ್ ಮನೆಯಲ್ಲೇ ಇಟ್ಟುಕೊಳ್ಳೋದು. ಆದ್ರೆ ಯಾವ ಫೈಲ್ ಆಗಲೇ ಇದೆ ಅಂತ ನೋಡಿದ್ರೆ ಹೋದ್ಸಲ ಎಲ್ಲಿಗೆ ಹೋಗಿದ್ವಿ ಅಂತ ಊಹಿಸಬಹುದು. ಟಿಎಲ್‌ಎಸ್‌ನ ಸೆಷನ್ ಟಿಕೆಟ್ ಅಂದ್ರೆ ಹೋದ್ಸಲ ಬೀಗ ತೆಗೆದ ಚೀಟಿ. ಅದನ್ನ ತೋರಿಸಿದ್ರೆ ಬೇಗ ಒಳಗೆ ಬಿಡ್ತಾರೆ, ಜೊತೆಗೆ ಹೋದ್ಸಲ ಬಂದವರು ಇವರೇ ಅಂತಾನೂ ತಿಳೀತಾರೆ. ಝೀರೋ ಆರ್‌ಟಿಟಿ ಅಂತ ಇನ್ನೊಂದಿದೆ: ಹಳೇ ಪರಿಚಯ ಇದ್ರೆ ಬೀಗ ತೆಗೆಯೋಕೆ ಮುಂಚೇನೇ ಆರ್ಡರ್ ಕೊಟ್ಟುಬಿಡಬಹುದು. ಪ್ರಿಫೆಚ್ ಅಂದ್ರೆ ನಾವು ಕ್ಲಿಕ್ ಮಾಡೋ ಮುಂಚೆಯೇ ಬ್ರೌಸರ್ ಆ ಸೈಟಿನ ಬಾಗಿಲು ತಟ್ಟಿ ಬರೋದು. ನಾವು ಹೋಗದೇ ಇದ್ದ ಮನೆಗೂ ಬಾಗಿಲು ತಟ್ಟಿದ ಗುರುತು ಉಳಿಯುತ್ತೆ.

ಟಾರ್ ಬ್ರೌಸರ್ ಡಿಸ್ಕಿನಲ್ಲಿ ಕ್ಯಾಶ್ ಇಡಲ್ಲ. ಝೀರೋ ಆರ್‌ಟಿಟಿ, ಪ್ರಿಫೆಚ್ ಎರಡೂ ಆಫ್. ಒಂದು ಸೈಟಿಗಾಗಿ ತಂದಿದ್ದನ್ನ ಇನ್ನೊಂದು ಸೈಟಿಗೆ ಬಳಸಲ್ಲ, ಎರಡು ಸೈಟಿಗೆ ಬೇರೆ ಬೇರೆ ಸರ್ಕ್ಯೂಟ್. ಹತ್ತು ಸೈಟ್ ಒಂದೇ ಕಡೆಯಿಂದ ಒಂದೇ ಫಾಂಟ್ ತರಿಸಿದ್ರೂ ಹತ್ತು ಸಲ ತರಬೇಕು. ಕೇಳೋಕೆ ದಂಡ ಅನ್ಸುತ್ತೆ. ಆದ್ರೆ ಇದೇನು ಟಾರ್‌ನವರ ಹುಚ್ಚಲ್ಲ. ಕ್ಯಾಶನ್ನ ಸೈಟಿಗೊಂದು ಗೂಡು ಮಾಡಿ ಬೇರೆ ಇಡೋದನ್ನ 2020ರಲ್ಲಿ ಕ್ರೋಮ್, 2021ರಲ್ಲಿ ಫೈರ್‌ಫಾಕ್ಸ್ ಕೂಡ ಶುರು ಮಾಡಿದ್ವು.

ಅಂದ್ರೆ ಟಾರ್ ಬ್ರೌಸರ್ ನಮ್ಮನ್ನ ಪ್ರತಿ ಅಂಗಡಿಗೂ ಹೊಸ ಗಿರಾಕಿಯಾಗಿ ಕಳಿಸುತ್ತೆ. ಸ್ಲೋ ಆಗೋದು ಕೆಟ್ಟುಹೋಗಿರೋದಕ್ಕಲ್ಲ. ಕೆಲಸ ಸರಿಯಾಗಿ ಆಗ್ತಿದೆ ಅಂತಾನೇ ಅದರ ಅರ್ಥ.

ಇಲ್ಲಿ ಎಚ್‌ಟಿಟಿಪಿ/2ರ ಕಥೆ ನೆನಪಿಡಬೇಕು. ಅದು ಬಂದ ತಕ್ಷಣ ಟಾರ್ ಬ್ರೌಸರಿನಲ್ಲಿ ಆನ್ ಆಗಲಿಲ್ಲ. ಹಳೇ ಭೇಟಿಯ ನೆನಪನ್ನ ಅದು ಎಲ್ಲೆಲ್ಲಿ ಇಟ್ಟುಕೊಳ್ಳುತ್ತೆ, ಒಂದು ಸೈಟಿನ ನೆನಪು ಇನ್ನೊಂದಕ್ಕೆ ಸೋರುತ್ತಾ ಅಂತ ಪರೀಕ್ಷೆ ಆಗೋವರೆಗೂ ಆಫ್ ಇಟ್ಟಿದ್ದರು. ಪರೀಕ್ಷೆ ಆದ ಮೇಲೆ ಆನ್ ಮಾಡಿದರು. ಟಾರ್‌ನಲ್ಲಿ ಒಂದೇ ಕನೆಕ್ಷನ್ ಸಾಕಾಗೋದು ದೊಡ್ಡ ಅನುಕೂಲವೇ. ಹೊಸದು ಅಂದ್ರೆ ಬೇಡ ಅನ್ನೋ ಮನೋಭಾವ ಅಲ್ಲ ಅದು. ನೋಡಿ, ತೂಗಿ, ಆಮೇಲೆ ಒಳಗೆ ಬಿಡೋದು.

ನಾವು ಮಾಡಿದ ತಪ್ಪು

ಈಗ ಅಕ್ಕನ ಲ್ಯಾಪ್‌ಟಾಪಿಗೆ ಬರೋಣ. ಸ್ಪೀಡ್ ಮಾಡೋ ಟಿಪ್ಸ್ ಹುಡುಕಿದ್ವಿ. ಅಬೌಟ್ ಕಾನ್ಫಿಗ್ ಪುಟಕ್ಕೆ ಹೋಗಿ ಎಚ್‌ಟಿಟಿಪಿ/3 ಆನ್ ಮಾಡಿದ್ವಿ. ಏನೂ ಬದಲಾಗಲಿಲ್ಲ. ಆಗೋದು ಸಾಧ್ಯವೇ ಇರಲಿಲ್ಲ, ರಸ್ತೆಯೇ ಟಿಸಿಪಿ. ಸುಮ್ಮನಿರಬಹುದಿತ್ತು. ಬದಲಿಗೆ ಡಿಸ್ಕ್ ಕ್ಯಾಶ್ ಆನ್ ಮಾಡಿದ್ವಿ, ಪ್ರಿಫೆಚ್ ಆನ್ ಮಾಡಿದ್ವಿ, ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್ ಒಂದನ್ನ ಹಾಕಿದ್ವಿ. ಕನ್ನಡ ಕ್ಲಬ್‌ನವರಲ್ವಾ, ಸೈಟ್‌ಗಳಿಗೆ ಹೋಗೋ ಭಾಷೆಯ ಪಟ್ಟಿಯಲ್ಲಿ ಕನ್ನಡವನ್ನ ಮೊದಲಿಗೆ ಇಟ್ವಿ. ಕಿಟಕಿಯನ್ನ ಪೂರ್ತಿ ದೊಡ್ಡದು ಮಾಡಿ, ಅಂಚಿನಲ್ಲಿ ಬೂದು ಪಟ್ಟಿ ಬರದ ಹಾಗೆ ಮಾಡಿಕೊಟ್ವಿ. ಸ್ವಲ್ಪ ಬೇಗ ಆಯ್ತು. ಅಕ್ಕ ಖುಷಿಪಟ್ಟಳು. ನಾವೂ ಬೀಗಿದ್ವಿ.

ಒಂದು ವಾರ ಆದ ಮೇಲೆ ಬ್ರೌಸರ್ ಎಷ್ಟು ಗುರುತು ಸಿಗುತ್ತೆ ಅಂತ ತೋರಿಸೋ ಒಂದು ಟೆಸ್ಟ್ ಪುಟ ಸಿಕ್ಕಿತು. ನಾವು ಅಕ್ಕನ ಲ್ಯಾಪ್‌ಟಾಪಿನಲ್ಲಿ ಅದನ್ನ ತೆಗೆದು ನೋಡಿದ್ವಿ. ನಿಮ್ಮ ಬ್ರೌಸರ್ ಬೇರೆಯವರ ಹಾಗಿಲ್ಲ, ಸುಲಭವಾಗಿ ಗುರುತು ಹಿಡಿಯಬಹುದು ಅಂತ ಬಂತು. ಆಗ ಹೊಟ್ಟೆಯಲ್ಲಿ ಒಂಥರಾ ಆಯ್ತು.

ಟಾರ್ ಬ್ರೌಸರಿನ ಗುಟ್ಟು ಇರೋದು ಎಲ್ಲರೂ ಒಂದೇ ಥರ ಕಾಣೋದ್ರಲ್ಲಿ. ಕಿಟಕಿಯ ಅಳತೆಯನ್ನೂ ರೌಂಡ್ ಆಫ್ ಮಾಡಿ ಹೇಳೋದು ಅದಕ್ಕೇ. ಇಂಗ್ಲಿಷ್‌ನಲ್ಲಿ ಪುಟ ಕೊಡಿ ಅಂತಾನೇ ಕೇಳೋದೂ ಅದಕ್ಕೇ. ಟಾರ್ ಬಳಸೋರಲ್ಲಿ ಕನ್ನಡವನ್ನ ಮೊದಲಿಟ್ಟು, ಆ ಎಕ್ಸ್‌ಟೆನ್ಷನ್ ಹಾಕಿಕೊಂಡು, ಆ ಅಳತೆಯ ಪರದೆ ಇರೋರು ಎಷ್ಟು ಜನ ಇರ್ತಾರೆ? ಬಹುಶಃ ನಮ್ಮಕ್ಕ ಒಬ್ಬಳೇ. ಜಾತ್ರೆಯಲ್ಲಿ ಯಾರಿಗೂ ಕಾಣಬಾರದು ಅಂತ ಬಂದವಳ ಕೈಗೆ ಗಂಟೆ ಕೊಟ್ಟು ಕಳಿಸಿದ ಹಾಗಾಯ್ತು. ಅದೂ ಸಾಲದು ಅಂತ ಡಿಸ್ಕ್ ಕ್ಯಾಶ್ ಬೇರೆ. ಅವಳು ನೋಡಿದ ಪುಟಗಳ ಚೂರುಗಳು ಅದೇ ಲ್ಯಾಪ್‌ಟಾಪಿನಲ್ಲಿ ಕೂತಿದ್ವು. ಆ ಲ್ಯಾಪ್‌ಟಾಪನ್ನ ಮನೆಯಲ್ಲಿ ಬೇರೆಯವರೂ ತೆಗೀತಾರೆ.

ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಟ್ವಿ. ಏನು ಮಾಡಿದ್ವಿ ಅಂತ ಅವಳಿಗೆ ಹೇಳಿದ್ವಿ. ಹೇಳೋದು ಕಷ್ಟ ಆಯ್ತು, ಆದ್ರೆ ಹೇಳಲೇಬೇಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಕ್ಕ ಕೇಳಿದಳು: "ಸ್ಪೀಡ್ ಬೇಕು ಅಂತ ನಾನು ಹೇಳಿದ್ದು ಹೌದು. ಆದ್ರೆ ಅದಕ್ಕೆ ಬದಲು ಏನು ಹೋಗುತ್ತೆ ಅಂತ ನೀವು ಒಂದು ಮಾತು ಹೇಳಬಹುದಿತ್ತಲ್ವಾ?" ನಮ್ಮ ಹತ್ರ ಉತ್ತರ ಇರಲಿಲ್ಲ.

ಸ್ಪೀಡ್ ಕೊಡೋ ಬೇರೆ ದಾರಿಗಳು

ಹಾಗಾದ್ರೆ ವಿಪಿಎನ್ ಹಾಕಿ ಅಂತೀರಾ? ವಿಪಿಎನ್ ಟಾರ್‌ಗಿಂತ ಬೇಗ, ಯಾಕಂದ್ರೆ ನಡುವೆ ಒಂದೇ ಸರ್ವರ್, ಮತ್ತೆ ಯುಡಿಪಿಯನ್ನೂ ಹೊರುತ್ತೆ. ಆದ್ರೆ ಆ ಒಂದೇ ಕಂಪನಿಗೆ ನಾವು ಯಾರು, ಎಲ್ಲಿಗೆ ಹೋದ್ವಿ ಎರಡೂ ಗೊತ್ತಾಗಬಹುದು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ಐಪಿ ವಿಳಾಸ ಮುಂತಾದ ವಿವರಗಳನ್ನ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನ ತೆಗೆದುಬಿಟ್ವು. ಎಕ್ಸ್‌ಪ್ರೆಸ್ ವಿಪಿಎನ್ ಭಾರತದ ವಿಳಾಸವನ್ನ ಸಿಂಗಪುರ ಮತ್ತು ಬ್ರಿಟನ್ನಿನ ಸರ್ವರುಗಳಿಂದ ಕೊಡೋಕೆ ಶುರು ಮಾಡಿತು. ಇಲ್ಲಿಂದ ಇಲ್ಲಿಗೇ ಹೋಗಬೇಕಾದ ಪ್ಯಾಕೆಟ್ ಸಮುದ್ರ ದಾಟಿ ಬರೋ ಹಾಗಾಯ್ತು. ಸ್ಪೀಡ್ ಅನ್ನೋದು ಬರೀ ಪ್ರೋಟೋಕಾಲ್ ವಿಷಯ ಅಲ್ಲ, ಕಾನೂನಿನ ವಿಷಯವೂ ಹೌದು ಅಂತ ಅದನ್ನ ಓದಿದಾಗ ಗೊತ್ತಾಯ್ತು.

ಆಪಲ್ 2021ರಲ್ಲಿ ತಂದ ಪ್ರೈವೇಟ್ ರಿಲೇ ಇನ್ನೊಂದು ದಾರಿ. ಮೂರರ ಬದಲು ಎರಡೇ ರಿಲೇ, ಕ್ವಿಕ್ ಮೇಲೇ ಓಡುತ್ತೆ. ಮೊದಲನೆಯದು ಆಪಲ್‌ನದು, ಎರಡನೆಯದು ಬೇರೆ ಕಂಪನಿಯದು. ಪ್ರೈವಸಿಗೂ ಸ್ಪೀಡಿಗೂ ಹುಟ್ಟಿನಿಂದ ದ್ವೇಷ ಏನಿಲ್ಲ ಅನ್ನೋದಕ್ಕೆ ಇದು ಒಳ್ಳೇ ಉದಾಹರಣೆ: ರಸ್ತೆ ಹೊಸದಾಗಿ ಹಾಕಿದ್ರೆ ಲಾರಿ ಓಡಿಸಬಹುದು. ಆದ್ರೆ ಅದಕ್ಕೆ ಆಪಲ್ ಸಾಧನ ಬೇಕು, ದುಡ್ಡು ಕಟ್ಟಬೇಕು, ಆ ಎರಡು ಕಂಪನಿಗಳು ಒಟ್ಟಿಗೆ ಸೇರಲ್ಲ ಅಂತ ನಂಬಬೇಕು. ಬಳೇಪೇಟೆಯ ಎರಡನೇ ಮಹಡಿಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವಳಿಗೆ ಅದು ಎಟುಕಲ್ಲ. ಟಾರ್ ಪುಕ್ಕಟೆ, ಯಾರು ಅಂತ ಕೇಳಲ್ಲ.

"ಮುಚ್ಚಿಡೋದೇನಿದೆ, ಟಾರ್ ಎಲ್ಲಾ ಕಳ್ಳರಿಗೆ" ಅನ್ನೋರೂ ಕ್ಲಾಸಿನಲ್ಲಿದ್ದಾರೆ. ಕಳ್ಳರೂ ಬಳಸ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಖಾಸಗಿತನ ಕಳ್ಳರ ಬೇಡಿಕೆ ಅಲ್ಲ. ಅದನ್ನ ಸುಪ್ರೀಂ ಕೋರ್ಟ್‌ವರೆಗೆ ತಗೊಂಡು ಹೋದವರು ನಮ್ಮ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ವಿಷಯದಲ್ಲಿ ಅರ್ಜಿ ಹಾಕಿದಾಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ಹಕ್ಕು ಕಾಗದದ ಮೇಲಿದೆ. ಒಂದು ಆರೋಗ್ಯದ ಪುಟವನ್ನ ಯಾರ ಕಣ್ಣಿಗೂ ಬೀಳದೆ ಓದೋಕೆ ಆಗೋದೇ ಆ ಹಕ್ಕು ಮನೆಯೊಳಗೆ ಬಂದ ಹಾಗೆ.

ನಮ್ಮ ಕೈಯಲ್ಲಿರೋದು

ರಸ್ತೆ ರಿಪೇರಿ ದೊಡ್ಡವರ ಕೆಲಸ, ಟೈಮ್ ಹಿಡಿಯುತ್ತೆ. ಪರಿಚಯದ ನಿರ್ಬಂಧಗಳನ್ನ ತೆಗೆಯಬಾರದು. ಹಾಗಾದ್ರೆ ಸ್ಪೀಡ್ ಎಲ್ಲಿಂದ ಬರಬೇಕು? ಸೈಟ್ ಕಟ್ಟೋರಿಂದ. ಅಂದ್ರೆ ನಮ್ಮಿಂದ.

ಹೋದ ವರ್ಷ ನಮ್ಮ ಕ್ಲಬ್ಬಿನ ಹಬ್ಬದ ಸೈಟ್ ಕಟ್ಟಿದ್ದು ನಾವೇ. ಅದನ್ನ ಟಾರ್‌ನಲ್ಲಿ ತೆಗೆದು ನೋಡಿದ್ವಿ, ನಾಚಿಕೆ ಆಯ್ತು. ಮುಖಪುಟದಲ್ಲಿ ತಾನಾಗೇ ಓಡೋ ವಿಡಿಯೋ. ಕನ್ನಡ ಫಾಂಟ್ ಒಂದು ಕಡೆಯಿಂದ, ಐಕಾನ್ ಇನ್ನೊಂದು ಕಡೆಯಿಂದ, ಮ್ಯಾಪ್ ಮತ್ತೊಂದು ಕಡೆಯಿಂದ, ಎಷ್ಟು ಜನ ಬಂದ್ರು ಅಂತ ಎಣಿಸೋ ಸ್ಕ್ರಿಪ್ಟ್ ಬೇರೆ. ಪ್ರತಿಯೊಂದೂ ಹೊಸ ಸರ್ವರ್, ಪ್ರತಿಯೊಂದಕ್ಕೂ ಮೂರು ಸುತ್ತು. ನಮ್ಮ ಲ್ಯಾಬಿನ ವೈಫೈನಲ್ಲಿ ಇದ್ಯಾವುದೂ ಗೊತ್ತಾಗಿರಲಿಲ್ಲ, ಯಾಕಂದ್ರೆ ನಾವು ಪರಿಚಯದ ಗಿರಾಕಿಗಳು, ಎಲ್ಲಾ ಕ್ಯಾಶ್‌ನಲ್ಲಿತ್ತು. ಊರಿನಲ್ಲಿ ಟೂ-ಜಿ ಸಿಗ್ನಲ್ ಹಿಡಿದು ಮೊದಲ ಸಲ ಬರೋ ಅಜ್ಜಿಗೂ ಆ ಸೈಟ್ ಅಷ್ಟೇ ಕಷ್ಟ ಕೊಟ್ಟಿರಬೇಕು. ಟಾರ್‌ನಲ್ಲಿ ಬೇಗ ಬರೋ ಸೈಟ್ ಎಲ್ಲಾ ಕಡೆ ಬೇಗ ಬರುತ್ತೆ.

ಅದಕ್ಕೆ ಈ ವರ್ಷದ ಸೈಟ್ ತಂಡಕ್ಕೆ ನಮ್ಮ ಕೋರಿಕೆ ಇಷ್ಟು. ಫಾಂಟ್, ಚಿತ್ರ, ಸ್ಕ್ರಿಪ್ಟ್ ಎಲ್ಲಾ ನಮ್ಮ ಸರ್ವರಿನಲ್ಲೇ ಇಡೋಣ. ಸ್ಕ್ರಿಪ್ಟ್ ಆಫ್ ಇದ್ರೂ ಕಾರ್ಯಕ್ರಮದ ಪಟ್ಟಿ ಓದೋಕೆ ಬರಲಿ. ಬಂದವರನ್ನ ಎಣಿಸೋಕೆ ಇನ್ನೊಬ್ಬರ ಸ್ಕ್ರಿಪ್ಟ್ ಬೇಡ. ಟಾರ್‌ನಲ್ಲಿ ಬಂದವರ ಮುಂದೆ ಕ್ಯಾಪ್ಚಾ ಇಟ್ಟು, ಟ್ರಾಫಿಕ್ ಲೈಟ್ ಎಲ್ಲಿದೆ ತೋರಿಸು ಅಂತ ಪರೀಕ್ಷೆ ಮಾಡೋದು ಬೇಡ. ಬಿಡುಗಡೆಗೆ ಮುಂಚೆ ಒಂದು ಸಲ ಟಾರ್ ಬ್ರೌಸರಿನಲ್ಲಿ ತೆಗೆದು ನೋಡೋಣ. ಅನ್ನಕ್ಕಿಡೋಷ್ಟು ಹೊತ್ತಾದ್ರೆ ಏನೋ ತೆಗೆಯಬೇಕು ಅಂತ ಅರ್ಥ.

ಟಾರ್ ಬಳಸೋ ಸ್ನೇಹಿತರಿಗೆ ಒಂದೇ ಮಾತು. ಬ್ರೌಸರನ್ನ ಬಂದ ಹಾಗೇ ಇಟ್ಟುಕೊಳ್ಳಿ. ಸ್ಪೀಡ್ ಟಿಪ್ಸ್ ನೋಡಿ ಸೆಟ್ಟಿಂಗ್ ಮುಟ್ಟೋ ಮುಂಚೆ, ಇದರಿಂದ ನಾನು ಬೇರೆಯವರಿಗಿಂತ ಬೇರೆ ಕಾಣ್ತೀನಾ ಅಂತ ಕೇಳಿಕೊಳ್ಳಿ. ಬೇರೆಯವರ ಲ್ಯಾಪ್‌ಟಾಪ್ ಆದ್ರೆ ಅವರನ್ನೂ ಕೇಳಿ. ನಾವು ಕೇಳಲಿಲ್ಲ.

ಹೋದ ವಾರ ಅಕ್ಕ ಸಿಕ್ಕಿದ್ದಳು. ಹೇಗಿದೆ ಎತ್ತಿನ ಗಾಡಿ ಅಂತ ಕೇಳಿದ್ವಿ. "ಇರಲಿ ಬಿಡ್ರೋ, ಅಂಗಡಿ ಬಾಗಿಲು ಹಾಕಿದ ಮೇಲೆ ನಂಗೂ ಟೈಮ್ ಇರುತ್ತೆ. ಓದಬೇಕಾಗಿದ್ದು ಓದಿ ಮುಗಿಸಿದೆ, ಡಾಕ್ಟರ್ ಹತ್ರಾನೂ ಹೋಗಿಬಂದೆ" ಅಂದಳು. ಏನಾಗಿತ್ತು ಅಂತ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.